ಹೊಸ ಕಿಟಕಿಯೂ ಹಳೆಯ ಅಕ್ಷರಗಳೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಅವರ ಕಾಲದಲ್ಲಿ ಗಣಕಯಂತ್ರಗಳಿರಲಿಲ್ಲ. ಇದ್ದಿದ್ದರೆ ಆ ಮಾತಿಗೆ ಮೂರನೆಯದೊಂದನ್ನು ಕೂಡಿಸಿಯೇ ತೀರುತ್ತಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಮನೆಯಲ್ಲಿ ಒಂದು, ನಮ್ಮ ಚಿಕ್ಕ ಮುದ್ರಣಾಲಯದಲ್ಲಿ ಮೂರು, ಹೀಗೆ ನಾಲ್ಕು ಗಣಕಗಳನ್ನು ಒಂದು ಆಪರೇಟಿಂಗ್ ಸಿಸ್ಟಂನಿಂದ ಎಬ್ಬಿಸಿ ಇನ್ನೊಂದರಲ್ಲಿ ನೆಲೆಗೊಳಿಸುವ ಕಾರ್ಯವು ೨೦೨೫ನೆಯ ಇಸವಿಯ ಸೆಪ್ಟೆಂಬರಿನಿಂದ ಡಿಸೆಂಬರಿನ ವರೆಗೆ ನನ್ನ ಪಾಲಿಗೆ ಬಂದಿತು. ಅದೇ ಸಂಕಟವನ್ನು ಪಟ್ಟಿರುವ, ಅಥವಾ ಇನ್ನು ಮೇಲೆ ಪಡಬೇಕಾಗಿರುವ ಗೃಹಸ್ಥರು ಅನೇಕರಿರುವರಾದ್ದರಿಂದ ಅದರ ವೃತ್ತಾಂತವನ್ನು ಇಲ್ಲಿ ಬರೆಯುತ್ತೇನೆ.

ಕಾರಣವು ಎಲ್ಲರಿಗೂ ತಿಳಿದದ್ದೇ. ೨೦೧೫ನೆಯ ಜುಲೈ ೨೯ರಂದು ಹೊರಬಂದ ವಿಂಡೋಸ್ ೧೦ ಎಂಬ ವ್ಯವಸ್ಥೆಗೆ ೨೦೨೫ನೆಯ ಅಕ್ಟೋಬರ್ ೧೪ರಿಂದಾಚೆಗೆ ತಮ್ಮ ಪೋಷಣೆಯಿಲ್ಲವೆಂದು ಮೈಕ್ರೋಸಾಫ್ಟ್ ಕಂಪನಿಯವರು ಬಹು ಮೊದಲೇ ಸಾರಿದ್ದರು. ನಮ್ಮ ನೆರೆಮನೆಯ ನಿವೃತ್ತ ಮಹನೀಯರೊಬ್ಬರು ಆ ದಿನ ರಾತ್ರಿ ಹನ್ನೆರಡು ಹೊಡೆದೊಡನೆ ಯಂತ್ರವು ತಾನಾಗಿಯೇ ಆರಿಹೋಗುವುದೆಂದು ನಂಬಿ, ಅದರಲ್ಲಿದ್ದ ಮೊಮ್ಮಕ್ಕಳ ಭಾವಚಿತ್ರಗಳನ್ನೆಲ್ಲ ಕಾಗದದ ಮೇಲೆ ಅಚ್ಚು ಹಾಕಿಸಿಕೊಡಬೇಕೆಂದು ನಮ್ಮಲ್ಲಿಗೆ ಬಂದರು. ಹಾಗೇನೂ ಆಗುವುದಿಲ್ಲವೆಂದು ಅವರಿಗೆ ತಿಳಿಸಿ ಹೇಳಲು ಒಂದು ಲೋಟ ಕಾಫಿಯೂ ಮುಕ್ಕಾಲು ಗಂಟೆಯ ಕಾಲವೂ ಹಿಡಿಯಿತು. ಯಂತ್ರವು ಮರುದಿನವೂ ಹಿಂದಿನಂತೆಯೇ ಹೊತ್ತಿಕೊಳ್ಳುತ್ತದೆ, ಕಾಗದಪತ್ರಗಳೂ ತೆರೆಯುತ್ತವೆ. ನಿಂತುಹೋಗುವುದು ಕಾವಲು ಮಾತ್ರ.

ಈ ಕಾವಲು ಎಂದರೇನು? ಗಣಕದಲ್ಲಿ ಎಷ್ಟೇ ಬಗೆಯ ಕೆಲಸಗಳು ನಡೆಯಲಿ, ಯಾವ ಕೆಲಸಕ್ಕೆ ಎಷ್ಟು ಜಾಗ, ಯಾವ ಕಡತವನ್ನು ಯಾರು ಮುಟ್ಟಬಹುದು, ಅಚ್ಚಿನ ಯಂತ್ರಕ್ಕೆ ಯಾವಾಗ ಅಪ್ಪಣೆ ಎಂಬಿವನ್ನೆಲ್ಲ ನಡೆಸತಕ್ಕದ್ದು ಆಪರೇಟಿಂಗ್ ಸಿಸ್ಟಂ. ಅವಿಭಕ್ತ ಕುಟುಂಬದಲ್ಲಿ ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹಿರಿಯ ಸೊಸೆಯ ಸ್ಥಾನ ಅದರದು. ಲಕ್ಷಾಂತರ ಸಾಲುಗಳಲ್ಲಿ ಬರೆದ ಆ ವ್ಯವಸ್ಥೆಯಲ್ಲಿ ಎಲ್ಲೋ ಒಂದೆಡೆ ಗೋಡೆ ತೆಳುವಾಗಿರುತ್ತದೆ. ಅದನ್ನು ಹುಡುಕಿ ಕನ್ನ ಕೊರೆಯುವವರು ಹಗಲಿರುಳೂ ಹೊಂಚುತ್ತಿರುತ್ತಾರೆ. ಕೊರೆಯುವ ಮೊದಲೇ ಗಾರೆ ಮೆತ್ತುವ ಕೆಲಸವನ್ನು ತಯಾರಿಸಿದವರು ತಿಂಗಳು ತಿಂಗಳೂ ಮಾಡುತ್ತಿರುತ್ತಾರೆ. ೨೦೧೭ನೆಯ ಮೇ ೧೨ರಂದು ವಾನಾಕ್ರೈ ಎಂಬ ಪೀಡೆಯು ಲೋಕದ ಸುಮಾರು ನೂರೈವತ್ತು ದೇಶಗಳಲ್ಲಿ ಹಬ್ಬಿ, ಗಣಕಗಳಲ್ಲಿದ್ದುದನ್ನೆಲ್ಲ ಗೂಢಾಕ್ಷರಕ್ಕೆ ತಿರುಗಿಸಿ, ಬಿಡಿಸಿಕೊಡಬೇಕಾದರೆ ಮುನ್ನೂರು ಡಾಲರ್ ತೆರಬೇಕೆಂದು ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಆಶ್ಚರ್ಯವೇನೆಂದರೆ, ಆ ಕನ್ನಕ್ಕೆ ಮೆತ್ತಬೇಕಾದ ಗಾರೆಯು ಅದೇ ವರ್ಷದ ಮಾರ್ಚ್ ೧೪ರಂದೇ ಬಂದಿತ್ತು. ಮೆತ್ತಿಕೊಂಡವರು ಉಳಿದರು, ನಾಳೆ ನೋಡೋಣವೆಂದವರು ಸಿಕ್ಕಿಬಿದ್ದರು. ಗಾರೆಯೇ ಬಾರದ ಗೋಡೆಯ ಗತಿಯೇನೆಂಬುದನ್ನು ಇನ್ನು ಹೇಳಬೇಕಾದ್ದಿಲ್ಲ. ಗ್ರಾಹಕರ ಮದುವೆಯ ಕರೆಯೋಲೆಗಳೂ ಸಾಲದ ಲೆಕ್ಕಗಳೂ ಇರುವ ಯಂತ್ರವನ್ನು ಅಂತಹ ಗೋಡೆಯೊಳಗೆ ಇಟ್ಟುಕೊಂಡು ಅಂತರ್ಜಾಲದ ಬೀದಿಗೆ ತೆರೆದಿಡುವುದು ತರವಲ್ಲವೆಂದು ನಿಶ್ಚಯಿಸಿದೆನು.

ಹೊಸದಾದ ವಿಂಡೋಸ್ ೧೧ ಎಂಬುದು ೨೦೨೧ನೆಯ ಅಕ್ಟೋಬರ್ ೫ರಂದೇ ಬಂದಿದ್ದಿತು. ಅದಕ್ಕೆ ಹಣವನ್ನೇನೂ ಕೇಳುವುದಿಲ್ಲ. ಆದರೆ ಕುಲಗೋತ್ರವನ್ನು ಕೇಳುತ್ತದೆ. ನಾಲ್ಕು ಗಿಗಾಬೈಟಿನ ಸ್ಮೃತಿ, ಅರುವತ್ತನಾಲ್ಕು ಗಿಗಾಬೈಟಿನ ಸಂಗ್ರಹ ಎಂಬಿವು ದೊಡ್ಡ ವಿಷಯಗಳಲ್ಲ. ಬೀಗದ ಕೈಗಳ ಗುಟ್ಟನ್ನು ಕಾಯುವುದಕ್ಕಾಗಿಯೇ ಇರುವ ಟಿಪಿಎಂ ಎಂಬ ಚಿಪ್ಪಿನ ೨.೦ನೆಯ ಆವೃತ್ತಿ ಇರಬೇಕು. ಪ್ರೊಸೆಸರು ಇಂಟೆಲ್ಲಿನದಾದರೆ, ಕೆಲವೇ ಅಪವಾದಗಳನ್ನು ಬಿಟ್ಟು, ೨೦೧೭ರಲ್ಲಿ ಮಾರಾಟಕ್ಕೆ ಬಂದ ಎಂಟನೆಯ ತಲೆಮಾರಿನದೋ ಅದಕ್ಕಿಂತ ಈಚಿನದೋ ಆಗಿರಬೇಕು. ಮುದ್ರಣಾಲಯದ ಒಂದು ಯಂತ್ರವು ತಡೆಯಿಲ್ಲದೆ ಉತ್ತೀರ್ಣವಾಯಿತು. ಇನ್ನೊಂದು ಅನುತ್ತೀರ್ಣವೆಂದು ಬಂದದ್ದನ್ನು ಕಂಡು ಅಂಗಡಿಯವನೊಬ್ಬನು ಹೊಸದನ್ನೇ ಕೊಳ್ಳಿರೆಂದು ಬೆಲೆಯ ಪಟ್ಟಿಯನ್ನು ಮುಂದಿಟ್ಟನು. ವಾಸ್ತವವಾಗಿ ಆ ಚಿಪ್ಪು ಯಂತ್ರದೊಳಗೇ ಇದ್ದು, ಯಂತ್ರ ಹೊತ್ತಿಕೊಳ್ಳುವಾಗ ಬರುವ ಬಯೋಸ್ ಎಂಬ ಪುಟದಲ್ಲಿ ಅದನ್ನು ಆರಿಸಿಟ್ಟಿದ್ದರು. ನನ್ನ ಮಗಳು ಎರಡು ನಿಮಿಷದಲ್ಲಿ ಅದನ್ನು ಹೊತ್ತಿಸಿದಳು. ನಲವತ್ತು ಸಾವಿರ ರೂಪಾಯಿಗಳ ವೆಚ್ಚವು ಎರಡು ನಿಮಿಷದಲ್ಲಿ ತಪ್ಪಿತೆಂದು ನಾನು ಹೇಳಿದರೆ, ವಾಚಕರು ಅದನ್ನು ಹೆಮ್ಮೆಯೆಂದು ಎಣಿಸದೆ ಉಪಯುಕ್ತ ಸಮಾಚಾರವೆಂದು ಸ್ವೀಕರಿಸಬೇಕು.

ಉಳಿದವು ಎರಡು: ಮುದ್ರಣಾಲಯದ ಮೂಲೆಯ ಹಳೆಯ ಯಂತ್ರ, ಮನೆಯಲ್ಲಿ ೨೦೧೪ರಲ್ಲಿ ಕೊಂಡ ಯಂತ್ರ. ಇವು ಯಾವ ರೀತಿಯಿಂದಲೂ ಅರ್ಹವಾಗಲಿಲ್ಲ. ಹಾಗೆಂದು ಅವುಗಳಲ್ಲಿ ದೋಷವೇನೂ ಇಲ್ಲ. ಬಾವಿಯಲ್ಲಿ ನೀರಿದೆ, ಹಗ್ಗ ಗಟ್ಟಿಯಿದೆ, ರಾಟೆ ಮಾತ್ರ ಈ ಮಾದರಿಯದಲ್ಲವೆಂದರೆ ಯಾವ ಗೃಹಸ್ಥನಿಗೆ ತಾನೆ ವ್ಯಥೆಯಾಗದು? ಹೊಸ ವ್ಯವಸ್ಥೆಯು ಬಿಗಿಯಾದ ಬೀಗವನ್ನು ಕೇಳುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಬೀಗವು ಹೊಂದಲಿಲ್ಲವೆಂದು ಮನೆಯನ್ನೇ ಗುಜರಿಗೆ ಹಾಕೆನ್ನುವ ವರ್ತಕರ ಉತ್ಸಾಹವನ್ನು ನಾನು ಒಪ್ಪಲಾರೆ. ೨೦೨೬ರ ಅಕ್ಟೋಬರ್ ೧೩ರ ವರೆಗೆ ಒಂದು ವರ್ಷದ ಹೆಚ್ಚಿನ ಕಾವಲನ್ನು ಮನೆವಾರ್ತೆಯ ಯಂತ್ರಗಳಿಗೆ ಕೊಡುವುದಾಗಿಯೂ, ವ್ಯಾಪಾರಸಂಸ್ಥೆಗಳಾದರೆ ಯಂತ್ರವೊಂದಕ್ಕೆ ಮೊದಲ ವರ್ಷ ೬೧ ಡಾಲರ್, ಬಳಿಕ ವರ್ಷವರ್ಷವೂ ಅದರ ಇಮ್ಮಡಿ ತೆರಬೇಕೆಂದೂ ಕಂಪನಿಯವರು ಪ್ರಕಟಿಸಿದ್ದರು. ಇಮ್ಮಡಿಯ ಲೆಕ್ಕವೆಂದರೇನೆಂಬುದು ಬಡ್ಡಿಯ ಸಾಲ ಮಾಡಿದ ಮನೆತನದವರಿಗೆ ಗೊತ್ತು. ನಾನು ಅತ್ತ ತಲೆ ಹಾಕಲಿಲ್ಲ.

ಮನೆಯ ಯಂತ್ರಕ್ಕೆ ಲಿನಕ್ಸ್ ಎಂಬುದನ್ನು ಹಾಕಿದೆವು. ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಮೊದಲುಮಾಡಿದ, ಈಗ ಜಗತ್ತಿನ ಅಸಂಖ್ಯಾತ ಜನ ಕೂಡಿ ನಡೆಸುತ್ತಿರುವ, ಯಾರು ಬೇಕಾದರೂ ಕ್ರಯವಿಲ್ಲದೆ ಬಳಸಬಹುದಾದ ವ್ಯವಸ್ಥೆಯದು. ಅದರ ಹಲವು ರೂಪಗಳಲ್ಲಿ ಮಿಂಟ್ ಎಂಬುದು ವಿಂಡೋಸಿನಿಂದ ಬಂದವರ ಕೈಗೆ ಹೆಚ್ಚು ಕಷ್ಟ ಕೊಡುವುದಿಲ್ಲ. ನನ್ನ ಮನೆಯವರು ಎಲ್ಲವನ್ನೂ ಕೇಳಿಸಿಕೊಂಡು, “ಏನೂಂದ್ರೆ, ನಿಮ್ಮ ಫಿನ್ಲೆಂಡಿನ ಕಥೆ ಇರಲಿ. ಇದರಲ್ಲಿ ಹಾಲಿನ ಲೆಕ್ಕ ಬರೆಯಲು ಬರುತ್ತದೆಯೋ ಇಲ್ಲವೋ ಅಷ್ಟು ಹೇಳಿ” ಎಂದರು. ಬರುತ್ತದೆಂದು ತೋರಿಸಿದ ಮೇಲೆ ಆ ವಿಷಯ ಅಲ್ಲಿಗೆ ಮುಗಿಯಿತು. ಹಳೆಯ ತಿರುಗುವ ಡಿಸ್ಕನ್ನು ತೆಗೆದು ಎಸ್ಎಸ್‌ಡಿ ಹಾಕಿಸಿದ್ದರಿಂದ ಹನ್ನೊಂದು ವರ್ಷದ ಆ ಯಂತ್ರವು ಹೊಸದಕ್ಕಿಂತ ಚುರುಕಾಗಿ ಏಳುತ್ತದೆ.

ಇಷ್ಟರ ವರೆಗಿನದು ಹಣದಿಂದಲೂ ತಾಳ್ಮೆಯಿಂದಲೂ ಆಗತಕ್ಕ ಕೆಲಸ. ನಿಜವಾದ ತೊಡಕು ಎದುರಾದದ್ದು ಅಕ್ಷರಗಳಲ್ಲಿ.

ಕನ್ನಡದಲ್ಲಿ ಕೆಲಸ ಮಾಡುವ ಮುದ್ರಣಾಲಯಗಳ ಸ್ಥಿತಿಯನ್ನು ಹೊರಗಿನವರು ಅರಿಯರು. ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ಸಾಧನದ ಕೊನೆಯ ಆವೃತ್ತಿಯು ೨೦೦೧ರಲ್ಲಿ ಬಂದಿತು. ಆಮೇಲೆ ಅದನ್ನು ತಯಾರಿಸಿದವರೇ ಕೈಬಿಟ್ಟರು. ನಾವು ಬಿಡಲಿಲ್ಲ. ಲಗ್ನಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಊರಿನ ಕವಿಗಳ ಸಂಕಲನ ಎಲ್ಲವೂ ಅದರಲ್ಲೇ ನಡೆಯುತ್ತಿದ್ದವು. ಅಕ್ಷರಗಳು ನುಡಿ, ಬರಹ, ಶ್ರೀಲಿಪಿ ಮೊದಲಾದ ಹಳೆಯ ಫಾಂಟುಗಳವು. ಈ ಫಾಂಟುಗಳು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಯಂತ್ರಕ್ಕೆ ಕನ್ನಡವೇ ಬಾರದಿದ್ದ ಕಾಲದಲ್ಲಿ ಅದನ್ನು ಕನ್ನಡ ಬರೆಯುವಂತೆ ಮಾಡಿದವು. ಆದರೆ ಅದನ್ನು ಮಾಡಿದ ಬಗೆಯು ವಿಚಿತ್ರವಾದದ್ದು.

ಯಂತ್ರದಲ್ಲಿ ಆಗ ಒಂದು ಲಿಪಿಗೆ ಇದ್ದ ಪೀಠಗಳು ಒಟ್ಟು ೨೫೬. ಅವೆಲ್ಲ ಇಂಗ್ಲಿಷಿಗೂ ಯೂರೋಪಿನ ಇತರ ಭಾಷೆಗಳಿಗೂ ಹಂಚಿಹೋಗಿದ್ದವು. ಕನ್ನಡದವರು ಆ ಪೀಠಗಳ ಮೇಲೆಯೇ ನಮ್ಮ ಅಕ್ಷರಗಳ ತುಂಡುಗಳನ್ನು ಕೂಡಿಸಿದರು. ತಲಕಟ್ಟು ಒಂದೆಡೆ, ಅಕ್ಷರದ ಒಡಲು ಇನ್ನೊಂದೆಡೆ, ಒತ್ತು ಮತ್ತೊಂದೆಡೆ. ಆದ್ದರಿಂದ ನುಡಿಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ನಮ್ಮ ಕಣ್ಣಿಗೆ ಕನ್ನಡವೇ ಕಾಣುತ್ತದೆ. ಯಂತ್ರದ ಹೊಟ್ಟೆಯಲ್ಲಿ ಇರುವುದಾದರೋ ಇಂಗ್ಲಿಷಿನ ಪಿ, ತಲೆಯ ಮೇಲೊಂದು ಓರೆಗೆರೆಯುಳ್ಳ ಎ, ಪೌಂಡ್ ನಾಣ್ಯದ ಗುರುತು, ಪುನಃ ಅದೇ ಎ, ಜರ್ಮನರ ಜೋಡಿ ಎಸ್, ಆಮೇಲೆ ಕ್ಯೂ, ಕಡೆಗೆ ಇನ್ನೊಂದು ಎ. ಫಾಂಟು ಇರುವ ತನಕ ವೇಷ ನಿಲ್ಲುತ್ತದೆ. ಫಾಂಟಿಲ್ಲದ ಹೊಸ ಯಂತ್ರಕ್ಕೆ ಆ ಕಡತವನ್ನು ಒಯ್ದೊಡನೆ ಬಣ್ಣ ತೊಳೆದುಹೋಗಿ ಪಿ ಎ ಪೌಂಡುಗಳೇ ಎದುರಿಗೆ ನಿಲ್ಲುತ್ತವೆ. ಹುಡುಕಲು ಹೋದರೆ ಯಂತ್ರಕ್ಕೆ ‘ಕನ್ನಡ’ ಎಂಬ ಪದವೇ ಸಿಕ್ಕುವುದಿಲ್ಲ, ಏಕೆಂದರೆ ಅಲ್ಲಿ ಅದು ಎಂದೂ ಇರಲಿಲ್ಲ.

ಇದಕ್ಕೆ ಪರಿಹಾರವಾದ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಲೋಕದ ಪ್ರತಿಯೊಂದು ಲಿಪಿಗೂ ಸ್ವಂತದ ಪೀಠಗಳಿವೆ. ಕನ್ನಡಕ್ಕೆ ೧೨೮ ಪೀಠಗಳನ್ನು ಮೀಸಲಿಟ್ಟಿದ್ದಾರೆ; ಕ ಎಂಬಕ್ಷರದ್ದು ೩೨೨೧ನೆಯದು. ಆ ಸಂಖ್ಯೆಯು ಬೆಂಗಳೂರಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ, ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ, ಕೈಯಲ್ಲಿ ಹಿಡಿಯುವ ದೂರವಾಣಿಯಲ್ಲಿಯೂ ಒಂದೇ. ೧೯೯೧ರಲ್ಲಿ ಪ್ರಕಟವಾದ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಫಾಂಟೂ ಇದ್ದಿತು. ಅಂದರೆ ಇಪ್ಪತ್ತನಾಲ್ಕು ವರ್ಷಗಳಿಂದ ಮನೆಯ ಬಾಗಿಲು ತೆರೆದೇ ಇದೆ. ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದು, ಗ್ರಾಹಕರಿಗೆ ಅವಸರ, ಕೈಗೆ ಅಭ್ಯಾಸ. ಈ ಮೂರೂ ಸೇರಿ ನಮ್ಮಂತಹ ಎಷ್ಟೋ ಮುದ್ರಣಾಲಯಗಳನ್ನು ಜಗಲಿಯ ಮೇಲೆಯೇ ಕೂಡಿಸಿದವು.

ನಮ್ಮಲ್ಲಿ ಅಕ್ಷರಜೋಡಣೆ ಮಾಡುವ ಹಿರಿಯರಿಗೆ ಈಗ ಅರುವತ್ತೆಂಟು ವರ್ಷ. ಹದಿನಾರನೆಯ ವಯಸ್ಸಿನಲ್ಲಿ ಸೀಸದ ಮೊಳೆಗಳನ್ನು ಜೋಡಿಸುವ ಕಂಪೋಜಿಟರಾಗಿ ಬಂದವರು. ಮೊಳೆಗಳನ್ನು ತೂಕಕ್ಕೆ ಮಾರಿ ಗಣಕವನ್ನು ತಂದಾಗ ಅದನ್ನೂ ಕಲಿತರು. ಹೊಸ ವ್ಯವಸ್ಥೆಯ ವಿಚಾರವನ್ನೆತ್ತಿದಾಗ ಅವರು ಕನ್ನಡಕವನ್ನು ತೆಗೆದು ಒರೆಸಿಕೊಂಡು, “ಸ್ವಾಮಿ, ಮೊಳೆಯ ಕಾಲದಲ್ಲಿ ಕ ಅಂದರೆ ಕ. ಕೇಸಿನಿಂದ ಕೈಗೆ ಬಂದರೂ ಕ, ಕತ್ತಲಲ್ಲಿ ಮುಟ್ಟಿ ನೋಡಿದರೂ ಕ. ಇಷ್ಟು ವರ್ಷ ನಾನು ಕ ಒತ್ತಿ ಪಿ ಬರೆಯುತ್ತಿದ್ದೆ ಅಂತ ಈಗ ಹೇಳ್ತೀರಲ್ಲ” ಎಂದರು. ಅವರಿಗೆ ಇದ್ದ ಭಯ ಬೆರಳುಗಳದು. ಈ ವಯಸ್ಸಿನಲ್ಲಿ ಕೀಲಿಮಣೆಯನ್ನು ಮೊದಲಿನಿಂದ ಕಲಿಯುವುದೆಂತು? ಇಲ್ಲಿ ಮಾತ್ರ ದೈವವು ನಮ್ಮ ಕಡೆಗಿತ್ತು. ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಬಳಕೆಯಲ್ಲಿರುವ ಕೀಲಿಗಳ ಕ್ರಮವೇ ಯೂನಿಕೋಡಿನಲ್ಲಿ ಬರೆಯುವಾಗಲೂ ನಡೆಯುತ್ತದೆ. ಲಿನಕ್ಸಿನಲ್ಲಂತೂ ಅದು ಕಗಪ ಎಂಬ ಹೆಸರಿನಿಂದ ಮೊದಲೇ ಸೇರಿದೆ. ಅಕ್ಷರವನ್ನು ಅರ್ಧಮಾಡಲು ಎಫ್ ಒತ್ತುವ ಅವರ ಅಭ್ಯಾಸವೂ ಹಾಗೆಯೇ ಉಳಿಯಿತು. ಅವರು ಒಂದು ಪುಟವನ್ನು ಹೊಡೆದು ನೋಡಿ, ಮಾತಾಡದೆ ಎರಡನೆಯದಕ್ಕೆ ಕೈಹಾಕಿದರು.

ಅಕ್ಟೋಬರ್ ೧ರ ಆಯುಧಪೂಜೆಯ ದಿನ ಅವರು ನಾಲ್ಕನೆಯ ಆ ಅನರ್ಹ ಯಂತ್ರಕ್ಕೂ ಮಿಕ್ಕವಕ್ಕಿಂತ ದೊಡ್ಡದಾದ ಕುಂಕುಮದ ಬೊಟ್ಟನ್ನಿಟ್ಟು ಚೆಂಡುಹೂವಿನ ಮಾಲೆಯನ್ನು ಹಾಕಿದರು. ಅದನ್ನು ನಾವು ಎಸೆಯಲಿಲ್ಲ. ಅಂತರ್ಜಾಲದ ತಂತಿಯನ್ನು ಕಿತ್ತು, ಹಳೆಯ ವ್ಯವಸ್ಥೆ ಹಳೆಯ ಫಾಂಟುಗಳ ಸಮೇತವಾಗಿ ಹಾಗೆಯೇ ಇರಿಸಿಕೊಂಡಿದ್ದೇವೆ. ಇಪ್ಪತ್ತು ವರ್ಷದ ಹಿಂದಿನ ಪುಸ್ತಕವನ್ನು ಮರುಮುದ್ರಿಸಬೇಕೆಂದು ಯಾರಾದರೂ ಬಂದರೆ ಮೂಲದ ಪುಟವು ಹೇಗಿತ್ತೆಂಬುದಕ್ಕೆ ಅದೊಂದೇ ಸಾಕ್ಷಿ.

ಬದಲಾವಣೆಯ ಕ್ರಮದ ಬಗ್ಗೆ ಎರಡು ಮಾತು ಹೇಳಿ ಮುಂದುವರಿಯುತ್ತೇನೆ. ಯಾವುದನ್ನೂ ಮುಟ್ಟುವ ಮೊದಲು ಎಲ್ಲ ಕಡತಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಅದನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡಿ, ಆಮೇಲೆ ಬೀರುವಿನಲ್ಲಿಟ್ಟೆವು. ವಿಂಡೋಸ್ ೧೧ಕ್ಕೆ ಹೋದವರು ಹಿಂದಿನದಕ್ಕೆ ಮರಳಲು ಇರುವ ಅವಧಿ ಹತ್ತು ದಿನ. ಅಷ್ಟರೊಳಗೆ ಅಚ್ಚಿನ ಯಂತ್ರ, ಸ್ಕ್ಯಾನರು, ಲೆಕ್ಕದ ತಂತ್ರಾಂಶ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಬೇಕು. ಅದರಲ್ಲಿ ೬೪ ಬಿಟ್ಟಿನ ರೂಪ ಮಾತ್ರ ಇರುವುದರಿಂದ ಡಾಸ್ ಕಾಲದ ಹಳೆಯ ತಂತ್ರಾಂಶಗಳು ನೇರವಾಗಿ ನಡೆಯವು. ಇನ್ನು ಡಿಸ್ಕನ್ನು ಗೂಢಾಕ್ಷರದಲ್ಲಿಡುವ ಏರ್ಪಾಡು ಕೆಲವು ಯಂತ್ರಗಳಲ್ಲಿ ತಾನಾಗಿಯೇ ಹೊತ್ತಿಕೊಂಡಿರುತ್ತದೆ. ಅದರ ರಕ್ಷಾಸಂಖ್ಯೆಯಲ್ಲಿ ೪೮ ಅಂಕಿಗಳು. ನನ್ನ ಮನೆಯವರು ಅದನ್ನು ಕಾಗದದ ಮೇಲೆ ಬರೆಸಿ, ಮನೆಯ ಕ್ರಯಪತ್ರವಿರುವ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ. ಯಾವ ಕಂಪನಿಯೂ ಇದಕ್ಕಿಂತ ಉತ್ತಮವಾದ ಉಪಾಯವನ್ನು ಹೇಳಲಾರದು.

ಇಷ್ಟೆಲ್ಲ ಮಾಡುವಾಗ ಹೊರಗಿನ ಡಿಸ್ಕಿನಲ್ಲಿ ನನ್ನ ತಂದೆಯವರ ಬರವಣಿಗೆ ಕಣ್ಣಿಗೆ ಬಿದ್ದಿತು. ಅವರು ತೀರ್ಥಹಳ್ಳಿಯ ಸೀಮೆಯಲ್ಲಿ ಮೂವತ್ತಾರು ವರ್ಷ ಉಪಾಧ್ಯಾಯರಾಗಿದ್ದವರು. ನಿವೃತ್ತರಾದ ಮೇಲೆ ಗಣಕವನ್ನು ಕಲಿತು, ಎರಡು ಬೆರಳುಗಳಿಂದ, ೨೦೦೪ರಿಂದ ಮೂರು ವರ್ಷಕಾಲ ತಮ್ಮ ಬಾಳಿನ ವೃತ್ತಾಂತವನ್ನು ಬರೆದರು, ೨೦೦೯ರಲ್ಲಿ ತೀರಿಕೊಂಡರು. ಸುಮಾರು ಮುನ್ನೂರು ಪುಟ, ಎಲ್ಲವೂ ಹಳೆಯ ಫಾಂಟಿನಲ್ಲಿ. ಎಂದಾದರೂ ಅಚ್ಚು ಹಾಕಿಸೋಣವೆಂದು ಒಡಹುಟ್ಟಿದವರೆಲ್ಲ ಮಾತಾಡಿಕೊಂಡಿದ್ದೆವು. ಈಗ ಲಿನಕ್ಸ್ ಹಾಕಿದ ಮನೆಯ ಯಂತ್ರದಲ್ಲಿ ಅದನ್ನು ತೆರೆದರೆ ತಂದೆಯವರ ಒಂದು ಮಾತೂ ಇಲ್ಲ, ಬರಿಯ ಪಿ, ಎ, ಪೌಂಡು, ಕ್ಯೂ. ಕಾಗದವಾಗಿದ್ದರೆ ಗೆದ್ದಲು ಹಿಡಿದಿದ್ದರೂ ಅಲ್ಲಲ್ಲಿ ಒಂದು ಸಾಲು ಓದಬಹುದಾಗಿತ್ತು ಎಂದು ನನ್ನ ತಂಗಿ ಹೇಳಿದಳು.

ಹಳೆಯ ಫಾಂಟಿನ ಬರವಣಿಗೆಯನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿಯೇ ದೊರೆಯುತ್ತವೆ. ಮೊದಲು ಕೈಗೆ ಸಿಕ್ಕಿದ್ದರಲ್ಲಿ ಹಾಕಿದಾಗ ಕ್ಷಣಮಾತ್ರದಲ್ಲಿ ಮುನ್ನೂರು ಪುಟ ಕನ್ನಡವಾಯಿತು. ಆದರೆ ಎಂತಹ ಕನ್ನಡ! ತಂದೆಯವರು ‘ಕನಾರ್ಟಕ’ದ ‘ತೀಥರ್ಹಳ್ಳಿ’ಯಲ್ಲಿ ‘ಕಾತಿರ್ಕ’ ಮಾಸದಲ್ಲಿ ‘ಸೂಯರ್’ ಹುಟ್ಟುವ ಹೊತ್ತಿಗೆ ಜನಿಸಿದರಂತೆ. ಮಕ್ಕಳು ನಕ್ಕು ಹೊರಳಾಡಿದರು. ಇದರ ಕಾರಣವನ್ನು ನಮ್ಮ ಹಿರಿಯ ಕಂಪೋಜಿಟರೇ ಬಿಡಿಸಿ ಹೇಳಿದರು. ಅರ್ಕಾವೊತ್ತನ್ನು ನಾವು ಉಚ್ಚರಿಸುವುದು ಮೊದಲು, ಬರೆಯುವುದು ಆಮೇಲೆ. ಹಳೆಯ ಫಾಂಟು ಕಣ್ಣಿಗೆ ಕಂಡ ಕ್ರಮದಲ್ಲಿ ಇಡುತ್ತದೆ, ಯೂನಿಕೋಡು ಕಿವಿಗೆ ಕೇಳಿದ ಕ್ರಮದಲ್ಲಿ ಇಡುತ್ತದೆ. ಸ್ಥಳ ಬದಲಿಸದೆ ತುಂಡನ್ನು ಮಾತ್ರ ಬದಲಿಸಿದರೆ ಸೂರ್ಯನಿಗೆ ಈ ಗತಿ. ಈ ಮರ್ಮವನ್ನು ಬಲ್ಲ ಬೇರೊಂದು ಪರಿವರ್ತಕವನ್ನು ಹುಡುಕಿ ಪುನಃ ತಿರುಗಿಸಿದಾಗ ಸೂರ್ಯನೂ ಕಾರ್ತಿಕವೂ ಸ್ವಸ್ಥಾನಕ್ಕೆ ಬಂದವು.

ಆದರೂ ಯಂತ್ರವನ್ನೇ ನಂಬಿ ಅಚ್ಚಿಗೆ ಕೊಡಲು ಮನಸ್ಸು ಒಪ್ಪಲಿಲ್ಲ. ನವೆಂಬರಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಕುಳಿತು, ಹಳೆಯ ಯಂತ್ರದಲ್ಲಿ ತೆಗೆದ ಮೂಲದ ಅಚ್ಚನ್ನು ಒಬ್ಬರು ಹಿಡಿದು, ಹೊಸ ಪಾಠವನ್ನು ಇನ್ನೊಬ್ಬರು ಗಟ್ಟಿಯಾಗಿ ಓದುತ್ತೇವೆ. ತಂದೆಯವರ ತಂಗಿ, ಎಂಬತ್ತನಾಲ್ಕು ವರ್ಷದ ನಮ್ಮ ಅತ್ತೆ, ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. ನಿದ್ದೆ ಹೋದರೆಂದು ನಾವು ಭಾವಿಸಿದಾಗಲೇ, “ಅಲ್ಲ ಕಣೋ, ಅದು ಗದ್ದೆಯ ಹೆಸರು, ಹಾಗಲ್ಲ ಹೇಳೋದು” ಎನ್ನುತ್ತಾರೆ. ನಾನು ಚಿಕ್ಕಂದಿನಲ್ಲಿ ಕೇಳಿ ಮರೆತಿದ್ದ ಎಷ್ಟೋ ಸಂಗತಿಗಳು ಈ ತಿದ್ದುವ ನೆವದಿಂದ ಮನೆಗೆ ಹಿಂದಿರುಗಿದವು. ತಂದೆಯವರು ತುಂಗೆ ತುಂಬಿ ಹರಿಯುವಾಗ ದೋಣಿಯಲ್ಲಿ ಶಾಲೆಗೆ ಹೋಗುತ್ತಿದ್ದರೆಂಬುದು ನನ್ನ ಮಗಳಿಗೆ ಗೊತ್ತೇ ಇರಲಿಲ್ಲ.

ಆ ಪ್ರಕರಣದಲ್ಲಿಯೇ ಒಂದೂವರೆ ಸಾಲು ಮಾತ್ರ ಯಾವ ಪರಿವರ್ತಕಕ್ಕೂ ಬಗ್ಗಲಿಲ್ಲ. ಅಷ್ಟನ್ನು ತಂದೆಯವರು ಬೇರೆ ಯಾವುದೋ ಫಾಂಟಿನಲ್ಲಿ ಬರೆದಿದ್ದರು. ಅದು ನಮ್ಮ ಹಳೆಯ ಯಂತ್ರದಲ್ಲಿಯೂ ಇಲ್ಲ, ಬರಿಯ ಚೌಕಗಳು ಕಾಣುತ್ತವೆ. ಅದರ ಹಿಂದಿನ ವಾಕ್ಯದಲ್ಲಿ, ದೋಣಿ ಹತ್ತುವ ಮೊದಲು ಅಮ್ಮ ದಿನವೂ ಒಂದು ಮಾತನ್ನು ಹೇಳುತ್ತಿದ್ದಳು ಎಂದಿದೆ. ನನ್ನ ಮಗಳು ಅಲ್ಲಿಗೆ ಓದಿ ನಿಲ್ಲಿಸಿದಳು. ಅತ್ತೆ ಕಣ್ಣು ತೆರೆದು, “ಪುಸ್ತಕ ನೆಂದರೆ ನೆನೆಯಲಿ, ನೀನು ದೋಣಿಯ ನಡುವೆ ಕೂತ್ಕೋ ಅಂತಿದ್ದಳು. ನನಗೂ ಅದನ್ನೇ ಹೇಳಿದ್ದಳು” ಎಂದರು. ತಂದೆಯವರು ಬರೆದಿದ್ದುದು ಅದೇ ಮಾತೋ ಅಲ್ಲವೋ ತಿಳಿಯುವ ಬಗೆಯಿಲ್ಲ. ಅದನ್ನು ಕಂಸದೊಳಗೆ ಸೇರಿಸಿ, ತಂಗಿಯ ನೆನಪಿನಂತೆ ಎಂದು ಕೆಳಗೆ ಬರೆದಿದ್ದೇವೆ. ಚೌಕಗಳ ಕಡತವನ್ನು ಅಳಿಸಿಲ್ಲ. ಇನ್ನು ನೂರ ಹನ್ನೆರಡು ಪುಟಗಳು ಉಳಿದಿವೆ.